ಮುಖಕ್ಕೆ ಹಚ್ಚುವ ಮಣ್ಣು

(ಲಾಸಲಗಾಂವಿನ ನಮ್ಮ ಉಚಿತ ವಾಚನಾಲಯದಲ್ಲಿ ರವಿವಾರ ಸಂಜೆ ಮಾಡಿದ ಭಾಷಣ)



ಇಂದಿನ ಭಾಷಣದ ವಿಷಯವನ್ನು ಹೊರಗಿನ ಫಲಕದ ಮೇಲೆ ಬರೆಯುತ್ತಿದ್ದಾಗ ನಮ್ಮ ಗೆಳೆಯರೊಬ್ಬರು ನಿಂತು ಓದಿ, "ಏನ್ರಿ ಕಾರಕೂನರ, ಈ ಸಲ ನಮ್ಮ ಮುಖಕ್ಕ ಮಣ್ಣ ಹಚ್ಚಾವರೇನು?" ಎಂದು ನಕ್ಕರು. ಅವರ ಪ್ರಶ್ನೆಯಲ್ಲಿ ತಪ್ಪಿಲ್ಲ. ನಮ್ಮ ಭಾಷೆಯಲ್ಲಿ ಮಣ್ಣಿಗೆ ಒಳ್ಳೆಯ ಹೆಸರು ಕಡಿಮೆ. ಕೆಟ್ಟ ಕೆಲಸ ಮಣ್ಣುಪಾಲಾಯಿತು ಎನ್ನುತ್ತೇವೆ. ಅನ್ನ ಕಳೆದವನನ್ನು ಬಾಯಿಗೆ ಮಣ್ಣು ಹಾಕಿದ ಎನ್ನುತ್ತೇವೆ. ಸತ್ತವರನ್ನು ಮಣ್ಣು ಮಾಡಿ ಬರುತ್ತೇವೆ. ಆದರೆ ಹೀಗೆ ಅನ್ನುವ ನಾವೇ ಮಣ್ಣೆತ್ತಿನ ಅಮವಾಸ್ಯೆಯ ದಿನ ಹಸಿ ಮಣ್ಣಿನ ಎತ್ತುಗಳನ್ನು ಮಾಡಿ ಜಗಲಿಯ ಮೇಲಿಟ್ಟು ಕೈ ಮುಗಿಯುತ್ತೇವೆ. ಈ ಊರಿನವರು ಮಣ್ಣಿಗೆ 'ಮಾತೀ' ಎನ್ನುತ್ತಾರೆ. ಆದ್ದರಿಂದ ಇಂದು ನಾನು ಆಡುವುದು ಮಾತಿಯ ಮೇಲಿನ ನಾಲ್ಕು ಮಾತು ಎಂದು ತಿಳಿಯಿರಿ.

ನಾನು ವೈದ್ಯನಲ್ಲ. ಉಳ್ಳಾಗಡ್ಡಿಯ ಆಡತಿ ಅಂಗಡಿಯಲ್ಲಿ ಲೆಕ್ಕ ಬರೆದು ಕೂದಲು ಬೆಳ್ಳಗೆ ಮಾಡಿಕೊಂಡವನು. ಆದರೆ ವಾಚನಾಲಯದ ಕೀಲಿಕೈ ನನ್ನ ಹತ್ತಿರ ಇರುವುದರಿಂದ ಪುಸ್ತಕ ಕೇಳುವವರು ಪ್ರಶ್ನೆಯನ್ನೂ ಕೇಳುತ್ತಾರೆ. ಈಚೆಗೆ ಹೆಣ್ಣುಮಕ್ಕಳು ಹೆಚ್ಚಾಗಿ ಕೇಳಿದ್ದು ಮುಲತಾನಿ ಮಣ್ಣಿನ ವಿಚಾರ. "ಕಾಕಾ, ಇದನ್ನು ಹಚ್ಚಿದರೆ ಬಣ್ಣ ತಿಳಿಯಾಗುತ್ತದೆಯೆ? ಹೊಲದ ಎರಿ ಮಣ್ಣನ್ನೇ ಹಚ್ಚಬಹುದೆ? ದಿನವೂ ಹಚ್ಚಬೇಕೆ?" ಗಂಡುಮಕ್ಕಳು ಕೇಳಲು ನಾಚುತ್ತಾರೆ. ಆದರೆ ಅವರ ಕೋಣೆಯ ಗೂಡಿನಲ್ಲಿಯೂ ಆ ಪೊಟ್ಟಣ ಇರುವುದನ್ನು ನಾನು ಕಂಡಿದ್ದೇನೆ. ಆದ್ದರಿಂದ ಓದಿ ತಿಳಿದದ್ದನ್ನೂ ಕಂಡು ಅನುಭವಿಸಿದ್ದನ್ನೂ ಸೇರಿಸಿ ಹೇಳುತ್ತೇನೆ.

ಮೊದಲು ನಮ್ಮ ಕಾಲ ಕೆಳಗಿನ ಮಣ್ಣನ್ನು ನೋಡೋಣ. ವಿಜಯಪುರದಿಂದಲೋ ಕಲಬುರ್ಗಿಯಿಂದಲೋ ಹೊಟ್ಟೆಪಾಡಿಗಾಗಿ ಇಲ್ಲಿಗೆ ಬಂದವರಿಗೆ ಇಲ್ಲಿ ಭಾಷೆ ಬೇರೆ, ಊಟ ಬೇರೆ. ಮಣ್ಣು ಮಾತ್ರ ಬೇರೆಯಲ್ಲ. ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಭೂಮಿಯೊಳಗಿನಿಂದ ಉಕ್ಕಿ ಹರಿದ ಕರಗಿದ ಕಲ್ಲು ಪದರು ಪದರಾಗಿ ಗಟ್ಟಿಯಾಗಿ ಈ ದಖ್ಖಣದ ಕರಿಕಲ್ಲಾಯಿತು. ನಾಸಿಕದ ಗುಡ್ಡಗಳೂ ಆ ಕಲ್ಲೆ. ಸಂಭಾಜಿನಗರದ ಕಡೆಗೆ ಅಜಂತೆಯ ಗವಿಗಳನ್ನು ಕೊರೆದದ್ದೂ ಆ ಕಲ್ಲಿನಲ್ಲೆ. ನಮ್ಮ ಬೀದರ, ಕಲಬುರ್ಗಿ, ವಿಜಯಪುರ, ಬೆಳಗಾವಿಯ ಎರಿ ಹೊಲಗಳ ಕೆಳಗೆ ಬಹಳ ಕಡೆ ಇರುವುದೂ ಅದೇ. ಆ ಕಲ್ಲು ಬಿಸಿಲು ಮಳೆಗೆ ಸವೆದು ಪುಡಿಯಾಗಿ ಕರಿ ಮಣ್ಣಾಯಿತು. ಅಜಂತೆಯ ಚಿತ್ರಗಾರರು ಗೋಡೆಗೆ ಮೊದಲು ಹಚ್ಚಿದ್ದು ಬಣ್ಣವನ್ನಲ್ಲ. ಹೊಟ್ಟು ನಾರು ಕೂಡಿಸಿ ಕಲಸಿದ ಮಣ್ಣನ್ನು. ಅದರ ಮೇಲೆ ಬರೆದ ಚಿತ್ರಗಳಲ್ಲಿ ಎಷ್ಟೋ ಇಂದಿಗೂ ಉಳಿದಿವೆ.

ಈ ಮಣ್ಣಿನ ಸ್ವಭಾವ ಒಕ್ಕಲುತನ ಮಾಡಿದವರಿಗೆ ಗೊತ್ತು. ಮಳೆ ಬಿದ್ದರೆ ನೀರು ಕುಡಿದು ಉಬ್ಬುತ್ತದೆ, ಕಾಲಿಗೆ ಅಂಟಿ ಚಪ್ಪಲಿ ಕಿತ್ತುಕೊಳ್ಳುತ್ತದೆ. ಬೇಸಗೆಯಲ್ಲಿ ಬಿರಿದು ಕೈ ಹೋಗುವಷ್ಟು ಸೀಳು ಬಿಡುತ್ತದೆ. ಇದಕ್ಕೆ ಕಾರಣ ಅದರಲ್ಲಿರುವ ಜೇಡಿ. ಜೇಡಿಯ ಕಣ ಎಂದರೆ ಒಂದು ಮಿಲಿಮೀಟರಿನ ಐನೂರನೆಯ ಒಂದು ಭಾಗಕ್ಕಿಂತಲೂ ಸಣ್ಣದು. ಆ ಕಣವೂ ಗಟ್ಟಿ ಗುಂಡಲ್ಲ, ಪುಸ್ತಕದ ಹಾಳೆಗಳ ಹಾಗೆ ಪದರು ಪದರು. ಹಾಳೆಗಳ ನಡುವೆ ನೀರು ಸೇರುತ್ತದೆ, ಮೈಮೇಲೆ ಎಣ್ಣೆ ಜಿಡ್ಡು ಅಂಟಿಕೊಳ್ಳುತ್ತದೆ. ಒಂದು ಚಿಟಿಕೆ ಜೇಡಿಯ ಹಾಳೆಗಳನ್ನೆಲ್ಲ ಬಿಡಿಸಿ ಹಾಸಿದರೆ ಕೋಣೆಯ ನೆಲವನ್ನೇ ಮುಚ್ಚಬಹುದು. ಅಷ್ಟು ಜಾಗ ಇರುವುದರಿಂದಲೇ ಅದಕ್ಕೆ ಅಷ್ಟು ಹೀರುವ ಶಕ್ತಿ.

ಮುಲತಾನಿ ಮಣ್ಣು ಇದೇ ಕುಲದ್ದು. ಈಗ ಪಾಕಿಸ್ತಾನದಲ್ಲಿರುವ ಮುಲತಾನ ಪಟ್ಟಣದಿಂದ ಅದಕ್ಕೆ ಆ ಹೆಸರು. ನಮ್ಮ ದೇಶದಲ್ಲಿ ರಾಜಸ್ಥಾನದ ಬಾಡಮೇರ, ಬಿಕಾನೇರದ ಕಡೆ ಗಣಿಯಿಂದ ತೆಗೆಯುತ್ತಾರೆ. ಯುರೋಪಿನಲ್ಲಿ ಉಣ್ಣೆ ನೇಯುವವರು ಕುರಿಯ ಉಣ್ಣೆಯ ಜಿಡ್ಡು ತೆಗೆಯಲು ಇಂಥ ಮಣ್ಣನ್ನು ಬಳಸುತ್ತಿದ್ದರು. ಇಂದು ಅಡಿಗೆ ಎಣ್ಣೆಯನ್ನು ಶುದ್ಧಿ ಮಾಡುವ ಕಾರಖಾನೆಗಳಲ್ಲಿ ಎಣ್ಣೆಯ ಬಣ್ಣ ತಿಳಿ ಮಾಡಲು ಇದೇ ಜಾತಿಯ ಮಣ್ಣನ್ನು ಉಪಯೋಗಿಸುತ್ತಾರೆ. ತುರಿಕೆಗೆ ದವಾಖಾನೆಯಲ್ಲಿ ಕೊಡುವ ಗುಲಾಬಿ ಬಣ್ಣದ ಕ್ಯಾಲಮೈನ್ ಲೋಷನ್ನಿನಲ್ಲಿಯೂ ಬೆಂಟೊನೈಟ್ ಎಂಬ ಜೇಡಿಯನ್ನು ಸೇರಿಸುವುದುಂಟು. ಆದ್ದರಿಂದ ಮಣ್ಣು ಹಚ್ಚುವುದು ಕೇವಲ ಮುದುಕಿಯರ ಮಾತಲ್ಲ, ಅದರಲ್ಲಿ ಹುರುಳಿದೆ.

ನಮ್ಮ ಹಿರಿಯರೂ ಮಣ್ಣನ್ನು ಬಿಟ್ಟವರಲ್ಲ. ನನ್ನ ಅಜ್ಜಿ ಹೊಳೆಯ ದಂಡೆಯ ನುಣ್ಣನೆಯ ಮಣ್ಣು ತಂದು, ಅರಿವೆಯಲ್ಲಿ ಸೋಸಿ, ಅದರಿಂದ ತಲೆ ತಿಕ್ಕಿಕೊಳ್ಳುತ್ತಿದ್ದಳು. ತಾಲೀಮಿನ ಪೈಲವಾನರು ಕೆಂಪು ಮಣ್ಣನ್ನು ಸಾಣಿಸಿ, ಅದಕ್ಕೆ ಮಜ್ಜಿಗೆ, ಎಣ್ಣೆ, ಅರಿಷಿಣ ಬೆರೆಸಿ ಹದ ಮಾಡುತ್ತಾರೆ. ಅಗಸರು ಅರಿವೆಗೆ ಸವಳು ಮಣ್ಣು ಬಳಸುತ್ತಿದ್ದರು. ಇಲ್ಲಿಯೇ ಒಂದು ಎಚ್ಚರಿಕೆ: ಸವಳು ಮಣ್ಣು ಬೇರೆ, ಜೇಡಿ ಬೇರೆ. ಸವಳಿನಲ್ಲಿ ಸೋಡಾದಂಥ ಕ್ಷಾರವಿರುತ್ತದೆ. ಅದು ಅರಿವೆಯ ಕೊಳೆಯನ್ನು ಬಿಡಿಸುತ್ತದೆ, ಮುಖದ ಚರ್ಮವನ್ನು ಸುಡುತ್ತದೆ. ನೀರು ಹೆಚ್ಚಾಗಿ ಹಾಳಾದ ಹೊಲದ ಮೇಲೆ ಬೆಳ್ಳಗೆ ಪುಡಿ ಕಟ್ಟಿದ ಮಣ್ಣನ್ನು ಯಾರೂ ಮೈಗೆ ಮುಟ್ಟಿಸಬೇಡಿರಿ.

ಹಾಗಾದರೆ ಮುಖಕ್ಕೆ ಹಚ್ಚಿದ ಮಣ್ಣು ಏನು ಮಾಡುತ್ತದೆ? ಮೂರು ಕೆಲಸ. ಚರ್ಮದ ಮೇಲಿನ ಜಿಡ್ಡನ್ನೂ ಬೆವರನ್ನೂ ಹೀರುತ್ತದೆ. ಧೂಳು ಕೊಳೆಯನ್ನು ತನಗೆ ಅಂಟಿಸಿಕೊಂಡು ತೊಳೆಯುವಾಗ ಜೊತೆಗೆ ಒಯ್ಯುತ್ತದೆ. ಒದ್ದೆ ಇರುವವರೆಗೆ ನೀರು ಆರುವುದರಿಂದ ತಂಪು ಕೊಡುತ್ತದೆ. ದಿನವೆಲ್ಲ ಮಾರ್ಕೆಟ್ಟಿನಲ್ಲಿ ಉಳ್ಳಾಗಡ್ಡಿ ಆರಿಸುವವರ ಮುಖದ ಮೇಲೆ ಸಿಪ್ಪೆಯ ಪುಡಿ, ಲಾರಿಯ ಧೂಳು, ಬೆವರು ಕೂಡಿ ಒಂದು ಲೇಪವೇ ಆಗಿರುತ್ತದೆ. ಎಣ್ಣೆ ಮುಖದ ಹುಡುಗರಿಗೆ, ಸಣ್ಣ ಮೊಡವೆಯವರಿಗೆ, ಬೇಸಗೆಯ ಬೆವರುಸಾಲೆಗೆ ವಾರಕ್ಕೊಮ್ಮೆ ಹಚ್ಚಿದ ಮಣ್ಣು ಹಿತ ಕೊಡುತ್ತದೆ. ಇಷ್ಟೇ ಅದರ ಯೋಗ್ಯತೆ, ಇದು ಸಣ್ಣದೂ ಅಲ್ಲ.

ಈಗ ಮಣ್ಣು ಏನು ಮಾಡುವುದಿಲ್ಲ ಎಂಬುದನ್ನು ಹೇಳಬೇಕು. ಇದೇ ನನ್ನ ಭಾಷಣದ ಮುಖ್ಯ ಭಾಗ.

ಎಣ್ಣೆಯ ಬಣ್ಣ ತೆಗೆಯುವ ಮಣ್ಣು ಮೈಯ ಬಣ್ಣವನ್ನೂ ತೆಗೆಯಬಾರದೇಕೆ ಎಂದು ಒಬ್ಬ ಹುಡುಗ ನನ್ನನ್ನು ಕೇಳಿದ. ಜಾಣ ಪ್ರಶ್ನೆ. ಆದರೆ ಎಣ್ಣೆಯ ಬಣ್ಣ ಎಣ್ಣೆಯಲ್ಲಿ ತೇಲುತ್ತಿರುತ್ತದೆ, ಮಣ್ಣಿಗೆ ಸಿಗುತ್ತದೆ. ನಮ್ಮ ಮೈಯ ಬಣ್ಣ ಹೊರಗಿನ ಕೊಳೆಯಲ್ಲ. ಚರ್ಮದ ಒಳಗಿನ ಜೀವಕೋಶಗಳು ಅದನ್ನು ದಿನವೂ ತಯಾರಿಸುತ್ತವೆ. ಬಿಸಿಲಿನ ಕೆಟ್ಟ ಕಿರಣಗಳನ್ನು ತಡೆಯಲು ದೇಹ ಹಿಡಿದ ಕೊಡೆ ಅದು. ಮೇಲೆ ಕುಳಿತ ಮಣ್ಣಿನ ಕಣ ಅಲ್ಲಿಗೆ ಹೋಗುವುದಿಲ್ಲ, ಹೋಗಲೂಬಾರದು. ಮಣ್ಣು ತೊಳೆದ ಮೇಲೆ ಮುಖ ಹೊಳೆಯುವುದು ನಿಜ. ಅದು ಜಿಡ್ಡು ಹೋದ ಹೊಳಪು, ಬಣ್ಣ ಬದಲಾದದ್ದಲ್ಲ.

ಮಣ್ಣಿನಿಂದ ಬಣ್ಣ ಬದಲಾಗಲಿಲ್ಲವೆಂದು ನಿರಾಶರಾದವರು ಮುಂದೆ ಎಲ್ಲಿಗೆ ಹೋಗುತ್ತಾರೆಂಬುದು ನನಗೆ ಮನೆಯಲ್ಲಿಯೇ ಗೊತ್ತಾಯಿತು. ನನ್ನ ತಂಗಿಯ ಮಗಳು ಓದಿನಲ್ಲಿ ಚುರುಕು, ಬಣ್ಣ ನಮ್ಮೆಲ್ಲರದರ ಹಾಗೆ ಕಪ್ಪು. ನೋಡಲು ಬಂದ ಒಂದು ಮನೆಯವರು "ಹುಡುಗಿ ಚಲೋ ಅದಾಳ, ಬಣ್ಣ ಒಂದು..." ಎಂದು ಮಾತನ್ನು ಅರ್ಧಕ್ಕೆ ಬಿಟ್ಟು ಹೋದರು. ಅರ್ಧಕ್ಕೆ ಬಿಟ್ಟ ಆ ಮಾತು ಮನೆಯಲ್ಲಿ ಆರು ತಿಂಗಳು ಕುಳಿತಿತು. ಮೊದಲು ಮುಲತಾನಿ ಮಣ್ಣು ದಿನಕ್ಕೆರಡು ಸಲ ಹಚ್ಚಿದರು. ಮುಖ ಒಣಗಿ ಬಿರಿಯಿತೇ ಹೊರತು ಬೆಳ್ಳಗಾಗಲಿಲ್ಲ. ಆಮೇಲೆ ನನ್ನ ತಂಗಿ ಸಂತೆಯಲ್ಲಿ ಯಾರೋ ಕೊಟ್ಟ, ಮೇಲೆ ಹೆಸರು ವಿಳಾಸ ಸರಿಯಾಗಿ ಇಲ್ಲದ ಒಂದು ಕ್ರೀಮು ತಂದಳು. ಮೂರು ವಾರದಲ್ಲಿ ಮುಖ ಬೆಳ್ಳಗಾಯಿತು. ಮನೆಯವರೆಲ್ಲ ಹಿಗ್ಗಿದರು, ನಾನೂ ಹಿಗ್ಗಿದೆ ಎಂದು ಒಪ್ಪಿಕೊಳ್ಳುತ್ತೇನೆ. ಎರಡು ತಿಂಗಳಿಗೆ ಕೆನ್ನೆ ಕೆಂಪಾಗಿ ಉರಿಯತೊಡಗಿತು, ಚರ್ಮ ಉಳ್ಳಾಗಡ್ಡಿ ಸಿಪ್ಪೆಯಂತೆ ತೆಳ್ಳಗಾಯಿತು, ಬಿಸಿಲಿಗೆ ಹೋಗುವಂತಿರಲಿಲ್ಲ. ಕ್ರೀಮು ಬಿಟ್ಟರೆ ಉರಿ ಹೆಚ್ಚು, ಹಚ್ಚಿದರೆ ರೋಗ ಹೆಚ್ಚು. ಚರ್ಮದ ವೈದ್ಯರು ನೋಡಿ, ಇದರಲ್ಲಿ ಸ್ಟೆರಾಯ್ಡ್ ಇದೆ ಎಂದರು. ಗುಣವಾಗಲು ಒಂದು ವರ್ಷದ ಮೇಲೆ ಹಿಡಿಯಿತು. ಆ ಒಂದು ವರ್ಷ ಹುಡುಗಿ ಕನ್ನಡಿ ನೋಡಲಿಲ್ಲ.

ಇದು ನಮ್ಮ ಮನೆಯೊಂದರ ಕಥೆಯಲ್ಲ. ಇಂಥ ಸ್ಟೆರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದೆಂದು ಕೇಂದ್ರ ಸರಕಾರ 2018ರಲ್ಲಿ ಕಟ್ಟುನಿಟ್ಟು ಮಾಡಬೇಕಾಯಿತು. ಇನ್ನು ಕೆಲವು ಬಿಳುಪಿನ ಕ್ರೀಮುಗಳಲ್ಲಿ ಪಾದರಸ ಇರುತ್ತದೆ. ಅದು ಚರ್ಮದ ಮೂಲಕ ರಕ್ತಕ್ಕೆ ಇಳಿದು ಮೂತ್ರಪಿಂಡವನ್ನು ಕೆಡಿಸುತ್ತದೆ. ಕೇರಳದ ಮಲಪ್ಪುರಂ ಜಿಲ್ಲೆಯ ಕೋಟ್ಟಕ್ಕಲ್ಲಿನ ವೈದ್ಯರು 2021ರಿಂದ 2023ರವರೆಗೆ ಬಂದ ರೋಗಿಗಳನ್ನು ಪರೀಕ್ಷಿಸಿದಾಗ ಒಂದು ಬಗೆಯ ಮೂತ್ರಪಿಂಡದ ರೋಗದ 15 ಮಂದಿಯಲ್ಲಿ 13 ಮಂದಿ ಬಿಳುಪಿನ ಕ್ರೀಮು ಹಚ್ಚುತ್ತಿದ್ದವರೆಂದು ಗೊತ್ತಾಯಿತು. ಕಾಲು ಬಾತು, ಮೂತ್ರ ನೊರೆಯಾದಾಗ ಮುಖಕ್ಕೆ ಹಚ್ಚಿದ್ದೇ ಕಾರಣವೆಂದು ಯಾರಿಗೆ ಹೊಳೆಯಬೇಕು? ಆದ್ದರಿಂದ ಹೇಳುತ್ತೇನೆ: ಮಣ್ಣು ಬಣ್ಣ ಬದಲಿಸುವುದಿಲ್ಲ ಎಂಬುದು ಮಣ್ಣಿನ ದೋಷವಲ್ಲ, ಅದರ ದೊಡ್ಡ ಗುಣ. ವಾರದಲ್ಲಿ ಬಿಳುಪು ಮಾಡುತ್ತೇನೆನ್ನುವ ವಸ್ತುವಿಗೆ ಹೆದರಿರಿ.

ಇನ್ನು ಹೊಲದ ಮಣ್ಣಿನ ಮಾತು. ನಮ್ಮವರಲ್ಲಿ ಗಾಯಕ್ಕೆ ಮಣ್ಣು ಮೆತ್ತುವ ರೂಢಿ ಹಳೆಯದು. ಬಹಳ ವರ್ಷಗಳ ಹಿಂದೆ ನನ್ನ ಕೋಣೆಯಲ್ಲಿದ್ದ ಒಬ್ಬ ಹಮಾಲನ ಕಾಲಿಗೆ ಚೀಲ ಎತ್ತುವ ಕೊಕ್ಕೆ ಚುಚ್ಚಿತು. ಅವನು ರಕ್ತ ನಿಲ್ಲಲೆಂದು ಅಲ್ಲಿಯೇ ಒಂದು ಹಿಡಿ ಕರಿ ಮಣ್ಣು ಒತ್ತಿ, ಅರಿವೆ ಕಟ್ಟಿ, ಸಂಜೆಯವರೆಗೆ ದುಡಿದ. ವಾರ ಕಳೆದ ಮೇಲೆ ರೊಟ್ಟಿ ತಿನ್ನಲು ಬಾಯಿ ತೆರೆಯಲಾಗದೆ ಹೋಯಿತು. ಅದು ಧನುರ್ವಾಯು. ದೊಡ್ಡ ದವಾಖಾನೆಯಲ್ಲಿ ತಿಂಗಳ ಮೇಲೆ ಇದ್ದು ಬದುಕಿ ಬಂದ. ಆದರೆ ಮತ್ತೆ ಚೀಲ ಹೊರಲಿಲ್ಲ. ಈ ರೋಗದ ಬೀಜ ಮಣ್ಣಿನಲ್ಲಿಯೇ ಇರುತ್ತದೆ, ದನದ ಗೊಬ್ಬರ ಹಾಕಿದ ಮಣ್ಣಿನಲ್ಲಿ ಹೆಚ್ಚು. ಬಿಸಿಲಿಗೆ ಒಣಗಿಸಿದರೆ ಅದು ಸಾಯುವುದಿಲ್ಲ. ಕುದಿಯುವ ನೀರಿನಲ್ಲಿಯೂ ಕೆಲಹೊತ್ತು ತಡೆಯುತ್ತದೆ. ಹಿಂದೆ ಕೂಸಿನ ಹೊಕ್ಕಳಿಗೆ ಮಣ್ಣು, ಸಗಣಿ, ಬೂದಿ ಹಚ್ಚಿ ಎಷ್ಟೋ ಹಸುಗೂಸುಗಳನ್ನು ಕಳೆದುಕೊಂಡೆವು. ಲಸಿಕೆಯಿಂದಲೂ ಶುಚಿಯಾದ ಹೆರಿಗೆಯಿಂದಲೂ ಆ ಪಿಡುಗು ತಗ್ಗಿ, ತಾಯಿ-ಕೂಸುಗಳ ಧನುರ್ವಾಯುವನ್ನು ಭಾರತ ನಿವಾರಿಸಿತೆಂದು 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ಗಳಿಸಿದ ಅದನ್ನು ನಾವು ನಮ್ಮ ಅಜ್ಞಾನದಿಂದ ಕಳೆಯಬಾರದು.

"ಗಾಂಧೀಜಿಯೇ ಮಣ್ಣಿನ ಪಟ್ಟಿ ಕಟ್ಟುತ್ತಿದ್ದರಲ್ಲ?" ಎಂದು ಓದಿದವರು ಕೇಳಬಹುದು. ಕಟ್ಟುತ್ತಿದ್ದರು. ದಕ್ಷಿಣ ಆಫ್ರಿಕದಲ್ಲಿದ್ದಾಗ ಜರ್ಮನಿಯ ಅಡಾಲ್ಫ್ ಜುಸ್ಟನ ಪುಸ್ತಕ ಓದಿ ಅವರು ಮಣ್ಣಿನ ಉಪಚಾರಕ್ಕೆ ಒಲಿದರು. ಮಗ ರಾಮದಾಸನ ಕೈಯ ಗಾಯಕ್ಕೂ ಮಣ್ಣಿನ ಪಟ್ಟಿ ಕಟ್ಟಿದ್ದನ್ನು ಆತ್ಮಕಥೆಯಲ್ಲಿ ಬರೆದಿದ್ದಾರೆ. ಸೊಲ್ಲಾಪುರದಿಂದ ಪುಣೆಗೆ ಬರುವಾಗ ರೈಲಿನಲ್ಲಿ ಉರುಳಿ ಸ್ಟೇಷನ್ನನ್ನು ನೀವೆಲ್ಲ ಕಂಡಿದ್ದೀರಿ. ಆ ಉರುಳಿಕಾಂಚನದಲ್ಲಿ 1946ರಲ್ಲಿ ಅವರು ಬಡವರಿಗಾಗಿ ನಿಸರ್ಗೋಪಚಾರದ ಆಶ್ರಮ ತೆರೆದರು. ಆದರೆ ಅವರು ಹೇಳಿದ ಷರತ್ತುಗಳನ್ನು ನಾವು ಮರೆಯುತ್ತೇವೆ. ಗೊಬ್ಬರ ಹಾಕಿದ ಮಣ್ಣು ಬೇಡ, ನುಣ್ಣಗೆ ಸಾಣಿಸಿರಬೇಕು, ಸಂಶಯವಿದ್ದರೆ ಚೆನ್ನಾಗಿ ಕಾಯಿಸಬೇಕು ಎಂದು ಅವರು ಬರೆದಿದ್ದಾರೆ. ನಮ್ಮ ಮಾರ್ಕೆಟ್ಟಿನ ಅಂಗಳದ ಮಣ್ಣಿಗೂ ಆ ಮಣ್ಣಿಗೂ ಏನು ಹೋಲಿಕೆ? ಅಲ್ಲದೆ ಅವರ ಕಾಲಕ್ಕೆ ಎಲ್ಲರಿಗೂ ಸಿಗದಿದ್ದ ಔಷಧ, ಸಿಗದಿದ್ದ ಸೂಜಿ ಇಂದು ಸರಕಾರಿ ದವಾಖಾನೆಯಲ್ಲಿ ಸಿಗುತ್ತದೆ. ಗಾಯವಾದರೆ ಸಾಬೂನು ನೀರಿನಿಂದ ತೊಳೆದು, ಧನುರ್ವಾಯುವಿನ ಸೂಜಿಗೆ ಅಂದೇ ಹೋಗಿರಿ. ತೆರೆದ ಗಾಯಕ್ಕೆ ಯಾವ ಮಣ್ಣೂ ಬೇಡ, ಪೊಟ್ಟಣದ್ದೂ ಬೇಡ.

ಈಗ ಹಚ್ಚುವ ಕ್ರಮ ಹೇಳುತ್ತೇನೆ. ಬರೆದುಕೊಳ್ಳುವವರು ಬರೆದುಕೊಳ್ಳಿರಿ.

ಮಣ್ಣನ್ನು ಹೊಲದಿಂದ ತರಬೇಡಿರಿ. ಮೈಗೆ ಹಚ್ಚಲೆಂದೇ ತಯಾರಿಸಿದ, ತಯಾರಕರ ಹೆಸರು, ಪರವಾನಗಿ ನಂಬರು, ತಾರೀಖು ಅಚ್ಚಾದ ಪೊಟ್ಟಣವನ್ನೇ ಕೊಳ್ಳಿರಿ. ಬೆಲೆ ಹೆಚ್ಚಿನದೇನೂ ಅಲ್ಲ. ಬಟ್ಟಲಿಗೆ ಮೊದಲು ನೀರು ಹಾಕಿ, ಆಮೇಲೆ ಎರಡು ಚಮಚ ಮಣ್ಣು ಉದುರಿಸಿರಿ. ಪುಡಿಯ ಮೇಲೆ ನೀರು ಸುರಿದರೆ ಧೂಳು ಏಳುತ್ತದೆ. ಆ ಧೂಳು ಶ್ವಾಸಕ್ಕೆ ಕೆಟ್ಟದ್ದು, ಅದರಲ್ಲಿಯೂ ಮಕ್ಕಳು ಹತ್ತಿರ ಇರಬಾರದು. ದೋಸೆಯ ಹಿಟ್ಟಿನ ಹದಕ್ಕೆ ಕಲಸಿ ಹತ್ತು ಮಿನಿಟು ನೆನೆಯಲು ಬಿಡಿರಿ. ಒಣ ಚರ್ಮದವರು ನೀರಿನ ಬದಲು ತಾಜಾ ಮೊಸರು ಹಾಕಬಹುದು. ಲಿಂಬೆರಸ ಬೇಡ. ಅದನ್ನು ಹಚ್ಚಿ ಬಿಸಿಲಿಗೆ ಹೋದರೆ ಕಪ್ಪು ಕಲೆ ಬೀಳುವುದುಂಟು. ಅಡಿಗೆ ಸೋಡಾವೂ ಬೇಡ.

ಮೊದಲ ಸಲ ಮುಖಕ್ಕೆ ಹಚ್ಚಬೇಡಿರಿ. ಮೊಳಕೈಯ ಒಳಬದಿಗೆ ಒಂದು ರೂಪಾಯಿಯಷ್ಟು ಅಗಲ ಹಚ್ಚಿ ತೊಳೆದು ಎರಡು ದಿನ ಕಾಯಿರಿ. ಕೆಂಪು, ತುರಿಕೆ ಬರದಿದ್ದರೆ ಮುಖಕ್ಕೆ ಹಚ್ಚಬಹುದು. ಕಣ್ಣು, ತುಟಿಯ ಸುತ್ತ ಬಿಡಬೇಕು. ತೆಳ್ಳಗೆ ಹಚ್ಚಿ. ಇಲ್ಲಿ ಬಹಳ ಜನ ಮಾಡುವ ತಪ್ಪೆಂದರೆ ಮಣ್ಣು ಪೂರಾ ಒಣಗಿ ಮುಖ ಬಿಗಿಯುವವರೆಗೆ ಕೂಡ್ರುವುದು. ಬಿಗಿದಷ್ಟು ಗುಣ ಎಂದು ಅವರ ನಂಬಿಕೆ. ಬೇಸಗೆಯ ಎರಿ ಹೊಲವನ್ನು ನೆನೆಯಿರಿ. ಒಣಗಿದ ಜೇಡಿ ತನ್ನ ನೀರನ್ನು ಕಳೆದುಕೊಂಡಾಗ ಸುಮ್ಮನಿರುವುದಿಲ್ಲ, ಪಕ್ಕದ್ದನ್ನೂ ಎಳೆಯುತ್ತದೆ. ಜಿಡ್ಡು ಮುಗಿದ ಮೇಲೆ ಚರ್ಮದ ನೀರನ್ನೂ ಎಳೆಯುತ್ತದೆ. ಆದ್ದರಿಂದ ಅಂಚು ಒಣಗಿ ನಡುವೆ ಇನ್ನೂ ಹಸಿ ಇರುವಾಗಲೇ, ಎಂದರೆ ಸುಮಾರು ಹತ್ತು ಮಿನಿಟಿಗೆ, ತಣ್ಣೀರಿನಿಂದ ನೆನೆಸಿ ಮೆಲ್ಲಗೆ ತೊಳೆಯಿರಿ. ತಿಕ್ಕಬೇಡಿರಿ. ಒರಸಿದ ಮೇಲೆ ನಾಲ್ಕು ಹನಿ ಕೊಬ್ಬರಿ ಎಣ್ಣೆ ಸವರಿರಿ. ಮೊಡವೆ ಇರುವವರು ಎಣ್ಣೆ ಬಿಟ್ಟು ಹಗುರಾದ ಲೋಷನ್ನು ಹಚ್ಚಲಿ. ವಾರಕ್ಕೆ ಒಂದು ಸಲ ಸಾಕು.

ಕಾಲವನ್ನೂ ನೋಡಬೇಕು. ನಮ್ಮ ನಿಫಾಡ ತಾಲ್ಲೂಕಿನ ಚಳಿ ಮಹಾರಾಷ್ಟ್ರದಲ್ಲೆಲ್ಲ ಹೆಸರಾದದ್ದು. ಡಿಸೆಂಬರ, ಜನವರಿಯಲ್ಲಿ ದ್ರಾಕ್ಷಿ ತೋಟದವರು ಬೆಳೆ ಉಳಿಸಲು ತೋಟದಲ್ಲಿ ಬೆಂಕಿ ಹಾಕುವಷ್ಟು ಚಳಿ. ಆಗ ಚರ್ಮ ತಾನಾಗಿಯೇ ಬಿರಿಯುತ್ತದೆ. ಆ ಎರಡು ತಿಂಗಳು ಮಣ್ಣಿನ ಪೊಟ್ಟಣ ಕಟ್ಟಿಡಿರಿ, ಎಣ್ಣೆಯ ಸೀಸೆ ತೆಗೆಯಿರಿ. ಉಳ್ಳಾಗಡ್ಡಿಯ ರಸದಿಂದ ಬೆರಳು ಸೀಳಿದವರೂ ಕೈಗೆ ಮಣ್ಣು ಹಚ್ಚಬಾರದು. ಕೆಲಸ ಮುಗಿದ ಕೂಡಲೆ ತೊಳೆದು ರಾತ್ರಿ ಎಣ್ಣೆಯನ್ನೋ ವ್ಯಾಸಲೀನನ್ನೋ ಹಚ್ಚಿ ಮಲಗಿರಿ. ಇಸುಬು ಇದ್ದವರಿಗೆ ಮಣ್ಣು ಬೇಡ. ಸೊಂಟದ ಪಟ್ಟಿಯ ಕೆಳಗೆ, ತೊಡೆಯ ಸಂದಿಯಲ್ಲಿ ದುಂಡಗೆ ತುರಿಸುವ ಗಜಕರ್ಣ ನಮ್ಮ ಹಮಾಲ ಬಂಧುಗಳಲ್ಲಿ ಬಹಳ. ಅದು ಬೂಸಿನ ರೋಗ. ಮಣ್ಣಿಗೆ ಹೋಗುವುದಿಲ್ಲ, ಅಂಗಡಿಯ ಮಿಶ್ರ ಮುಲಾಮಿಗೆ ಅಡಗಿದಂತೆ ಮಾಡಿ ಮತ್ತಷ್ಟು ಹರಡುತ್ತದೆ. ನಾಚದೆ ವೈದ್ಯರಿಗೆ ತೋರಿಸಿರಿ.

ಕೊನೆಗೆ ಒಂದು ಮಾತನ್ನು ತಾಯಂದಿರಿಗೆ ಹೇಳುತ್ತೇನೆ. ಬಸುರಿ ಹೆಂಗಸರು ಮಣ್ಣು ಬೇಡುವುದು, ಹಚ್ಚಲು ತಂದ ಮುಲತಾನಿ ಹೆಂಟೆಯನ್ನು ಕದ್ದು ತಿನ್ನುವುದು ನಮ್ಮಲ್ಲಿ ಇದೆ. ಬಯಕೆ ಎಂದು ನಕ್ಕು ಬಿಡಬೇಡಿರಿ. ರಕ್ತದಲ್ಲಿ ಕಬ್ಬಿಣ ಕಡಿಮೆಯಾದಾಗ ಅಂಥ ಆಸೆ ಹುಟ್ಟುವುದುಂಟು. ತಿಂದ ಜೇಡಿ ಊಟದಲ್ಲಿದ್ದ ಕಬ್ಬಿಣವನ್ನೂ ಹಿಡಿದಿಟ್ಟು ರಕ್ತವನ್ನು ಇನ್ನೂ ಕಡಿಮೆ ಮಾಡಬಲ್ಲದು. ರಕ್ತ ಪರೀಕ್ಷೆ ಮಾಡಿಸಿ. ಕಬ್ಬಿಣದ ಗುಳಿಗೆ ಸರಕಾರಿ ದವಾಖಾನೆಯಲ್ಲಿ ಪುಕ್ಕಟೆ ಸಿಗುತ್ತದೆ.

ನನ್ನ ತಂಗಿಯ ಮಗಳ ವಿಷಯ ಅರ್ಧಕ್ಕೆ ಬಿಟ್ಟೆ. ಅವಳ ಮುಖ ಗುಣವಾಯಿತು. ಕೆನ್ನೆಯ ಮೇಲೆ ಒಂದು ಕಲೆ ಉಳಿದಿದೆ. ಬಣ್ಣ ಮತ್ತೆ ಮೊದಲಿನಂತೆ ಕಪ್ಪು. ಈಗ ಅವಳು ನಾಸಿಕದಲ್ಲಿ ನರ್ಸಿಂಗ್ ಓದುತ್ತಿದ್ದಾಳೆ. ಕಳೆದ ಹಬ್ಬಕ್ಕೆ ಮನೆಗೆ ಬಂದವಳು ಬಟ್ಟಲಿನಲ್ಲಿ ಮುಲತಾನಿ ಮಣ್ಣು ಕಲಸುತ್ತಿದ್ದಳು. ನಾನು ಗಾಬರಿಯಾಗಿ, "ಮತ್ತ್ಯಾಕವ್ವಾ ಇದು?" ಎಂದೆ. "ಸೆಕಿ ಭಾಳ ಐತಿ ಮಾಮಾ, ತಂಪನಸ್ತದ, ಅದಕ್ಕ" ಎಂದಳು. ಬಣ್ಣದ ಆಸೆಗಲ್ಲ, ತಂಪಿಗೆ. ಮಣ್ಣನ್ನು ಹಚ್ಚಿಕೊಳ್ಳಲು ಅಷ್ಟೇ ಕಾರಣ ಸಾಕು ಎಂದು ನನಗೆ ಅಂದು ಅನ್ನಿಸಿತು.

ನಮ್ಮ ಊರಿನ ಎರಿ ಹೊಲ ಕಪ್ಪು, ಈ ಊರಿನ ಹೊಲವೂ ಕಪ್ಪು. ಕಪ್ಪು ಎಂದು ಅದನ್ನು ಯಾರೂ ಹಳಿದಿಲ್ಲ. ಜೋಳ, ಕಡಲೆ, ಉಳ್ಳಾಗಡ್ಡಿ ಎಲ್ಲ ಅದೇ ಕೊಟ್ಟಿದೆ. ಆ ನೆಲದ ಮಕ್ಕಳಾದ ನಾವು ನಮ್ಮ ಹೆಣ್ಣುಮಕ್ಕಳ ಬಣ್ಣದ ಮಾತನ್ನು ಎತ್ತದಿದ್ದರೆ ಅರ್ಧ ರೋಗ ಅಂಗಡಿಗೆ ಹೋಗುವ ಮೊದಲೇ ವಾಸಿಯಾಗುತ್ತದೆ.